ಮಾತಿನ ಭಾರವನ್ನು ಹೊರಬೇಕಾದವರು ಯಾರು?

ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು, ಆದುದರಿಂದ ಆಡುವ ಮುನ್ನ ತೂಗಿ ನೋಡಬೇಕು ಎಂಬ ಬುದ್ಧಿಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ನಮ್ಮ ಹಿರಿಯರು ಸ್ನಾನ, ಜಪ, ಉಪವಾಸಗಳಂತೆ ಮಾತಿನ ಸಂಯಮವನ್ನೂ ತಪಸ್ಸೆಂದೇ ಎಣಿಸಿದರು. ಈ ಉಪದೇಶವನ್ನು ನಾವು ಸಾಮಾನ್ಯವಾಗಿ ಮನೆಮಂದಿಯೊಡನೆ, ನೆಂಟರಿಷ್ಟರೊಡನೆ ಆಡುವ ಮಾತಿಗೆ ಅನ್ವಯಿಸಿಕೊಳ್ಳುತ್ತೇವೆ. ಆದರೆ ನಗರವಾಸಿಗಳಾದ ನಮ್ಮ ದಿನದ ಬಹುಭಾಗ ಕಳೆಯುವುದು ಉದ್ಯೋಗದ ಸ್ಥಳದಲ್ಲಿ. ಅಲ್ಲಿ ಆಡುವ ಮಾತು, ಬರೆಯುವ ಪತ್ರ, ಕಳುಹಿಸುವ ಸಂದೇಶಗಳಿಗೂ ಧರ್ಮಾಧರ್ಮದ ವಿವೇಚನೆ ಉಂಟೇ? ಉಂಟಾದರೆ, ಸಂದೇಶವನ್ನು ಒಯ್ಯುವ ಸಾಧನವು ಬದಲಾದಾಗ ಆ ಧರ್ಮದ ಆಚರಣೆಯೂ ಬದಲಾಗಬೇಕೇ? ಈ ಲೇಖನದ ವಿಚಾರವು ಇದೇ.

ಇದನ್ನು ವಿಚಾರಿಸಲು ಮುಂಬಯಿಯ ಫೋರ್ಟ್ ಪರಿಸರವು ಬಹಳ ಯೋಗ್ಯವಾದ ಕ್ಷೇತ್ರ. 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದ ಮೇಲೂ ಫೋರ್ಟ್ ಎಂಬ ಹೆಸರು ಉಳಿದುಕೊಂಡಿತು. ಬ್ಯಾಂಕು, ವಿಮಾ ಕಂಪೆನಿ, ಹಡಗಿನ ಕಂಪೆನಿ, ವಕೀಲರ ಕಚೇರಿಗಳು ಅಲ್ಲಿ ನೆಲೆಯೂರಿದವು. ಹುತಾತ್ಮ ಚೌಕದ ಬಳಿಯ ಕೇಂದ್ರ ತಂತಿ ಕಚೇರಿ, ಮಹಾತ್ಮಾ ಗಾಂಧಿ ರಸ್ತೆಯ ವಿದೇಶ ಸಂಚಾರ ಭವನ, ದಲಾಲ್ ಸ್ಟ್ರೀಟಿನ ಶೇರು ವಿನಿಮಯ ಕೇಂದ್ರ, ಈ ಮೂರೂ ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷಗಳ ನಡಿಗೆಯಲ್ಲಿವೆ. ಸಂದೇಶವಹನದ ನೂರೈವತ್ತು ವರ್ಷಗಳ ಇತಿಹಾಸವನ್ನು ಅಷ್ಟು ಚಿಕ್ಕ ಆವರಣದಲ್ಲಿ ಕಾಣಬಹುದು. ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದಲೂ, ಧಾರವಾಡ, ಬಿಜಾಪುರದ ಕಡೆಯಿಂದಲೂ ಈ ನಗರಕ್ಕೆ ಬಂದ ನಮ್ಮ ಎಷ್ಟೋ ಹಿರಿಯರು ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಕಲಿತು ಇಲ್ಲಿನ ಕಚೇರಿಗಳನ್ನು ಸೇರಿದರು. ಪರರ ಮಾತನ್ನು ಬರಹಕ್ಕಿಳಿಸಿ ತಲುಪಿಸುವುದೇ ಅವರ ಜೀವನೋಪಾಯವಾಗಿತ್ತು. ಆದುದರಿಂದ ಈ ಪ್ರಶ್ನೆ ನಮ್ಮ ಮನೆಗಳಿಗೆ ಹೊಸತೇನಲ್ಲ.

ಆ ಕಾಲದ ಕಚೇರಿಯಲ್ಲಿ ಒಂದು ಪತ್ರ ಹೊರಡುತ್ತಿದ್ದ ಕ್ರಮವನ್ನು ಸ್ಮರಿಸೋಣ. ಸಾಹೇಬರು ವಿಷಯವನ್ನು ಹೇಳುವರು. ಸ್ಟೆನೋ ಅದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವನು. ಬಳಿಕ ಕರಡು ಸಿದ್ಧವಾಗುವುದು, ತಿದ್ದುಪಡಿಯಾಗುವುದು, ಶುದ್ಧಪ್ರತಿ ಟೈಪಾಗುವುದು. ಅದು ರುಜುವಿಗಾಗಿ ಮೇಜಿನ ಮೇಲೆ ಕಾದಿರುವುದು. ರುಜುವಾದ ಮೇಲೆ ಔಟ್‌ವರ್ಡ್ ರಿಜಿಸ್ಟರಿನಲ್ಲಿ ಸಂಖ್ಯೆ ಪಡೆದು ಜವಾನನ ಕೈಗೆ ಅಥವಾ ಅಂಚೆಗೆ ಹೋಗುವುದು. ಸಿಟ್ಟಿನಲ್ಲಿ ಹೇಳಿ ಬರೆಸಿದ ಪತ್ರವು ರುಜುವಿಗೆ ಬರುವಷ್ಟರಲ್ಲಿ ಸಂಜೆಯೋ ಮರುದಿನವೋ ಆಗುತ್ತಿತ್ತು. ಅನುಭವಸ್ಥನಾದ ಟೈಪಿಸ್ಟನು, "ಸಾಹೇಬರೇ, ಇದು ಇಂದೇ ಹೋಗಬೇಕೇ?" ಎಂದು ಮೆಲ್ಲನೆ ಕೇಳುವುದೂ ಉಂಟು. ಆ ಒಂದು ಪ್ರಶ್ನೆಯಿಂದ ಎಷ್ಟು ಕಠೋರ ಪತ್ರಗಳು ಹರಿದು ಬುಟ್ಟಿಗೆ ಬಿದ್ದಿರಬಹುದು! ವಿಳಂಬವು ಆ ವ್ಯವಸ್ಥೆಯ ಕೊರತೆಯಾಗಿತ್ತು, ನಿಜ. ಆದರೆ ಕೋಪ ಇಳಿಯಲು ಅದೇ ವಿಳಂಬವು ಅವಕಾಶವನ್ನೂ ಕೊಡುತ್ತಿತ್ತು.

ಪ್ರತಿಗಳ ಸಂಗತಿಯೂ ಹಾಗೆಯೇ. ಕಾಗದಗಳ ನಡುವೆ ಕಾರ್ಬನ್ ಇಟ್ಟು ಟೈಪ್ ಮಾಡಿದರೆ ನಾಲ್ಕೈದು ಪ್ರತಿಗಳು ಓದುವಂತೆ ಬರುತ್ತಿದ್ದವು, ಕೊನೆಯದು ಮಸುಕಾಗುತ್ತಿತ್ತು. ಒಂದು ತಪ್ಪಾದರೆ ಅಷ್ಟೂ ಪ್ರತಿಗಳನ್ನು ತಿದ್ದಬೇಕು. ಹೀಗಾಗಿ ಪ್ರತಿ ಯಾರಿಗೆ ಅಗತ್ಯ, ಯಾರಿಗೆ ಅನಗತ್ಯ ಎಂಬುದನ್ನು ಮೊದಲೇ ನಿಶ್ಚಯಿಸಬೇಕಾಗುತ್ತಿತ್ತು. ಇಂದು ಈ-ಮೇಲಿನಲ್ಲಿ ಕಾಣುವ 'ಸಿಸಿ' ಎಂಬ ಎರಡು ಅಕ್ಷರಗಳು ಆ ಕಾರ್ಬನ್ ಪ್ರತಿಯಿಂದಲೇ ಬಂದವು. ಹೆಸರು ಉಳಿದಿದೆ, ಕಾರ್ಬನ್ನಿನ ಮಿತಿ ಮಾತ್ರ ಉಳಿದಿಲ್ಲ. ನಾಲ್ಕು ಜನರಿಗೆ ಕಳುಹಿಸುವ ಶ್ರಮಕ್ಕೂ ನಾನೂರು ಜನರಿಗೆ ಕಳುಹಿಸುವ ಶ್ರಮಕ್ಕೂ ಈಗ ವ್ಯತ್ಯಾಸವಿಲ್ಲ.

ತಂತಿಯಲ್ಲಿ ಈ ಮಿತಿ ಇನ್ನೂ ಸ್ಪಷ್ಟವಾಗಿತ್ತು. ಅಲ್ಲಿ ಪದಕ್ಕೆ ಇಂತಿಷ್ಟು ಎಂದು ಹಣ ತೆರಬೇಕು. ವಿಳಾಸದ ಪದಗಳಿಗೂ ಲೆಕ್ಕ. ಅದಕ್ಕಾಗಿಯೇ ಕಂಪೆನಿಗಳು ಒಂದೇ ಪದದ ತಂತಿ ವಿಳಾಸವನ್ನು ನೋಂದಾಯಿಸಿಕೊಂಡು ತಮ್ಮ ಪತ್ರದ ಶಿರೋಭಾಗದಲ್ಲಿ ಅಚ್ಚು ಹಾಕಿಸುತ್ತಿದ್ದವು. ಹಬ್ಬದ ಹಾಗೂ ಮದುವೆಯ ಶುಭಾಶಯಗಳಿಗೆ ಸಿದ್ಧವಾಕ್ಯಗಳಿದ್ದು, ಅವುಗಳ ಸಂಖ್ಯೆಯನ್ನು ಸೂಚಿಸಿದರೆ ಸಾಕಾಗುತ್ತಿತ್ತು. ಫಾರಮಿನ ಮೇಲೆ ಬರೆದು, ಎಣಿಸಿ, ಎರಡು ಪದಗಳನ್ನು ಹೊಡೆದುಹಾಕಿ, ಅರ್ಥ ಕೆಡಲಿಲ್ಲವಷ್ಟೇ ಎಂದು ಮತ್ತೊಮ್ಮೆ ಓದಿ ನೋಡುವ ಅಭ್ಯಾಸ ಆ ಪೀಳಿಗೆಗೆ ಇತ್ತು. ಆ ಸೇವೆಯು 2013ರ ಜುಲೈ ತಿಂಗಳ ಮಧ್ಯದಲ್ಲಿ ದೇಶಾದ್ಯಂತ ನಿಂತುಹೋಯಿತು. ಅದರೊಂದಿಗೆ, ಬರೆಯುವವನೇ ಪದಗಳನ್ನು ತೂಗಬೇಕೆಂಬ ಬಲವಂತವೂ ನಿಂತಿತು.

ಕಾಗದವನ್ನೇ ಹೆಚ್ಚು ಬಳಸದ ಒಂದು ಸಂಸ್ಥೆಯ ದೃಷ್ಟಾಂತವನ್ನೂ ಇಲ್ಲಿ ಹೇಳಬೇಕು. ಮಧ್ಯಾಹ್ನ ಫೋರ್ಟಿನ ಕಚೇರಿಗಳಿಗೆ ಮನೆಯೂಟವನ್ನು ತಲುಪಿಸುತ್ತ ಬಂದಿರುವ ಡಬ್ಬಾವಾಲಾಗಳನ್ನು ಮುಂಬಯಿಯಲ್ಲಿ ಅರಿಯದವರಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಕೆಲವು ಅಕ್ಷರ, ಅಂಕೆಗಳೇ ಅವರ ಸಂದೇಶ: ಯಾವ ನಿಲ್ದಾಣದಲ್ಲಿ ಇಳಿಸಬೇಕು, ಯಾವ ಕಟ್ಟಡ, ಎಷ್ಟನೆಯ ಮಹಡಿ. ಡಬ್ಬಿಯು ಹಲವು ಕೈಗಳನ್ನು ದಾಟಿ ಹೋಗುತ್ತದೆ. ಪ್ರತಿಯೊಂದು ಕೈಗೂ ತನಗೆ ಬೇಕಾದ ಗುರುತು ಮುಚ್ಚಳದಲ್ಲಿ ದೊರೆಯುತ್ತದೆ, ಅದಕ್ಕಿಂತ ಹೆಚ್ಚಿನದು ಅಲ್ಲಿರುವುದಿಲ್ಲ. ಮುಂದಿನವನಿಗೆ ಏನು ತಿಳಿದರೆ ಅವನ ಕೆಲಸ ನಡೆಯುವುದು ಎಂದು ಹಿಂದಿನವನು ಯೋಚಿಸಿದ್ದಾನೆ. ಸಂದೇಶವು ಪಡೆಯುವವನ ಅಗತ್ಯವನ್ನು ಅನುಸರಿಸಬೇಕೇ ಹೊರತು ಕಳುಹಿಸುವವನ ಅನುಕೂಲವನ್ನಲ್ಲ ಎಂಬ ತತ್ತ್ವವನ್ನು ಆ ಮುಚ್ಚಳವು ದೊಡ್ಡ ಗ್ರಂಥಗಳಿಲ್ಲದೆಯೇ ಬೋಧಿಸುತ್ತದೆ.

ಈ ಪರಿಸರದ ಮಟ್ಟಿಗೆ 1995ನೆಯ ಇಸವಿಯು ಒಂದು ಸಂಧಿಕಾಲ. 1875ರಲ್ಲಿ ಸ್ಥಾಪಿತವಾದ ಮುಂಬಯಿ ಶೇರು ವಿನಿಮಯ ಕೇಂದ್ರದಲ್ಲಿ ಅದುವರೆಗೆ ದಲಾಲರು ಒಂದೇ ಅಂಗಣದಲ್ಲಿ ನೆರೆದು, ಕೂಗಿ, ಕೈಸನ್ನೆ ಮಾಡಿ ವ್ಯವಹರಿಸುತ್ತಿದ್ದರು. ಮುಖ ನೋಡಿ ಆಡಿದ ಮಾತೇ ಸೌದಾ. ಚಿಕ್ಕ ಪುಸ್ತಕದಲ್ಲಿ ಗೀಚಿಕೊಂಡ ಸಾಲೇ ದಾಖಲೆ. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಗಣಕಯಂತ್ರದ ಪರದೆಯ ವ್ಯವಹಾರ ಆರಂಭವಾಗಿ, ಕ್ರಮೇಣ ಆ ಅಂಗಣದ ಗದ್ದಲ ಅಡಗಿತು. ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆಯು ಕಲ್ಕತ್ತೆಯಿಂದ ದಿಲ್ಲಿಗೆ ಹೋಯಿತು. ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ತೆರೆಯಿತು. ಒಂದೇ ವರ್ಷದೊಳಗೆ ಪರದೆ, ಕಿಸೆಯ ದೂರವಾಣಿ, ಅಂತರ್ಜಾಲ ಮೂರೂ ಕಚೇರಿಯ ಬಾಗಿಲಿಗೆ ಬಂದು ನಿಂತವು.

ಹಳೆಯದೆಲ್ಲವೂ ಪುಣ್ಯಕಾಲ, ಹೊಸದೆಲ್ಲವೂ ಕಲಿಕಾಲ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಸತ್ಯಕ್ಕೆ ಸಮ್ಮತವಲ್ಲ. ಅಂಗಣದೊಳಗೆ ನಿಂತವರಿಗೆ ತಿಳಿಯುತ್ತಿದ್ದ ಬೆಲೆಯು ಹೊರಗಿನ ಸಣ್ಣ ಹೂಡಿಕೆದಾರನಿಗೆ ತಿಳಿಯುತ್ತಿರಲಿಲ್ಲ. ಪರದೆಯು ಆ ಭೇದವನ್ನು ಬಹುಮಟ್ಟಿಗೆ ಅಳಿಸಿತು. 1992ರಲ್ಲಿ ಬಯಲಿಗೆ ಬಂದ ಶೇರು ಹಗರಣವು ಬೆಳೆದುದಾದರೂ ಎಲ್ಲಿ? ಸರಕಾರಿ ಸಾಲಪತ್ರಗಳ ಲೆಕ್ಕವು ಕೈಬರಹದ ಪುಸ್ತಕಗಳಲ್ಲಿ ತಡವಾಗಿ ಏರುತ್ತಿದ್ದುದರಿಂದ, ಬ್ಯಾಂಕು ಬ್ಯಾಂಕುಗಳ ನಡುವೆ ಕಾಗದದ ರಸೀತಿಗಳು ಓಡಾಡುತ್ತಿದ್ದ ಆ ಅಂತರದಲ್ಲಿಯೇ ಮೋಸಕ್ಕೆ ಎಡೆ ದೊರೆಯಿತು. ನಿಧಾನವು ಕೋಪವನ್ನು ತಣಿಸುವಂತೆಯೇ ಕಪಟವನ್ನೂ ಮರೆಮಾಡಬಲ್ಲದು. ಅಲ್ಲದೆ ಹಿಂದಿನ ಕಚೇರಿಯಲ್ಲಿ ಕೆಳಗಿನ ಗುಮಾಸ್ತನ ಅಹವಾಲು ನಾಲ್ಕು ಮೇಜುಗಳನ್ನು ದಾಟಿಯೇ ಮೇಲಕ್ಕೆ ಹೋಗಬೇಕಿತ್ತು. ಯಾವ ಮೇಜಿನಲ್ಲಿಯಾದರೂ ಅದು ಉಳಿದುಬಿಡಬಹುದಿತ್ತು. ಇಂದು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನೇರವಾಗಿ ಮುಖ್ಯಾಧಿಕಾರಿಗೆ ಬರೆಯಬಲ್ಲಳು. ಬರೆದುದಕ್ಕೆ ದಿನಾಂಕ, ಗಳಿಗೆ ಸಹಿತ ದಾಖಲೆಯೂ ಇರುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾ ಸೋಂಕಿನ ಕಾರಣದಿಂದ ಕಚೇರಿಗಳು ಮುಚ್ಚಿದಾಗ ಅನೇಕ ಕುಟುಂಬಗಳ ಅನ್ನ ಉಳಿದುದು ಈ ಸಾಧನಗಳಿಂದಲೇ. ಇವನ್ನು ಹಳಿಯುವುದು ಕೃತಘ್ನತೆಯಾದೀತು.

ಹಾಗಾದರೆ ದೋಷವೆಲ್ಲಿದೆ? ಪ್ರತಿಯೊಂದು ಸಂದೇಶಕ್ಕೂ ಒಂದು ಭಾರವಿದೆ. ಅದನ್ನು ರಚಿಸುವ ಶ್ರಮ, ಯಾರಿಗೆಂದು ಆರಿಸುವ ಶ್ರಮ, ಯಾವಾಗ ಎಂದು ನಿರ್ಧರಿಸುವ ಶ್ರಮ, ಓದಿ ಅರ್ಥಮಾಡಿಕೊಳ್ಳುವ ಶ್ರಮ ಇವೆಲ್ಲ ಸೇರಿದ ಭಾರ. ಹಿಂದೆ ಅದರ ಹೆಚ್ಚಿನ ಪಾಲನ್ನು ಕಳುಹಿಸುವವನು ಹೊರುತ್ತಿದ್ದನು. ಹಣದಿಂದಲೋ, ಕಾಲದಿಂದಲೋ, ಕಾರ್ಬನ್ನಿನ ಮಿತಿಯಿಂದಲೋ ಹೊರಲೇಬೇಕಾಗಿತ್ತು. ಹೊಸ ಸಾಧನವು ಕಳುಹಿಸುವವನ ಹೆಗಲಿನಿಂದ ಆ ಭಾರವನ್ನು ಇಳಿಸಿತು. ಆದರೆ ಭಾರವು ಇಲ್ಲವಾಗಲಿಲ್ಲ. ಪಡೆಯುವವನ ಹೆಗಲಿಗೆ ಬಂದಿತು. ಬೆಳಿಗ್ಗೆ ನೂರು ಸಂದೇಶಗಳನ್ನು ತೆರೆದು, ತನಗೆ ಸಂಬಂಧಿಸಿದ ಐದನ್ನು ಹುಡುಕಿ ತೆಗೆಯುವ ಕೆಲಸ ಈಗ ಅವನದು. ಹತ್ತು ಜನ ಕಳುಹಿಸುವವರು ತಲಾ ಒಂದು ನಿಮಿಷ ಉಳಿಸಿಕೊಂಡರೆ, ಐವತ್ತು ಜನ ಪಡೆಯುವವರು ಆ ಹತ್ತು ಸಂದೇಶಗಳಿಗೆ ತಲಾ ಹತ್ತು ನಿಮಿಷ ಕಳೆದುಕೊಳ್ಳುತ್ತಾರೆ. ಪರರ ಕಾಲವೂ ಪರರ ಸ್ವತ್ತೇ. ಕೇಳದೆ ಪರಸ್ವತ್ತನ್ನು ತೆಗೆದುಕೊಳ್ಳುವುದು ಸಣ್ಣ ಪ್ರಮಾಣದಲ್ಲಾದರೂ ಯಾವ ಹೆಸರಿಗೆ ಅರ್ಹವೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನೊಂದು ಸೂಕ್ಷ್ಮವಾದ ಮಾರ್ಪಾಡೂ ಆಗಿದೆ. ಫೋರ್ಟಿನಲ್ಲಿ ದುಡಿದು ಡೊಂಬಿವಲಿಗೋ ಮುಲುಂಡಿಗೋ ಬೊರಿವಲಿಗೋ ಮರಳುವವನಿಗೆ ಸಂಜೆಯ ಲೋಕಲ್ ಗಾಡಿಯು ಒಂದು ಗಡಿಯಾಗಿತ್ತು. ಚರ್ಚ್‌ಗೇಟಿನಿಂದಲೋ ವಿ.ಟಿ.ಯಿಂದಲೋ ಗಾಡಿ ಹೊರಟಿತೆಂದರೆ ಕಚೇರಿಯು ಹಿಂದುಳಿಯಿತು. ಒತ್ತೊತ್ತಾಗಿ ನಿಂತಿದ್ದರೂ ಮನಸ್ಸು ಅವನದಾಗಿತ್ತು. ಕೆಲವರು ಭಜನೆ ಹಾಡಿದರು, ಕೆಲವರು ಪತ್ರಿಕೆ ಓದಿದರು, ಕೆಲವರು ಸಂಜೆಯ ಸಂಧ್ಯಾವಂದನೆಗೆ ಮನೆ ಸೇರುವ ಲೆಕ್ಕ ಹಾಕಿದರು. ಈಗ ಗಾಡಿಯು ಹೊರಟರೂ ಕಚೇರಿ ಕಿಸೆಯಲ್ಲಿ ಕುಳಿತು ಜೊತೆಗೆ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಮೇಲಧಿಕಾರಿಯು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕುತ್ತಾನೆ. ಅದು ತುರ್ತಿನದಲ್ಲ, ನೆನಪಾಯಿತೆಂದು ಹಾಕಿದ್ದು. ಆದರೆ ಗುಂಪಿನಲ್ಲಿರುವ ಇಪ್ಪತ್ತು ಮನೆಗಳಲ್ಲಿ ಇಪ್ಪತ್ತು ಜನ ಎದ್ದು ಕೂರುತ್ತಾರೆ. 2014ರಿಂದ ಓದಿದ ಸಂದೇಶಕ್ಕೆ ನೀಲಿ ಗುರುತು ಬೀಳುವುದರಿಂದ, ಓದಿಯೂ ಉತ್ತರಿಸದವನು ಉದಾಸೀನನೆಂದು ಎಣಿಸಲ್ಪಡುವ ಭಯ ಬೇರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: "ಸಂದೇಶ ಕಳುಹಿಸುವುದು ನನ್ನ ಅನುಕೂಲ, ಅದನ್ನು ಬೆಳಿಗ್ಗೆ ನೋಡುವುದು ಅವನ ಅನುಕೂಲ. ನಾನು ಬಲವಂತ ಮಾಡಲಿಲ್ಲವಲ್ಲ?" ಸಮಾನಸ್ಕಂಧರಾದ ಇಬ್ಬರು ಸ್ನೇಹಿತರ ನಡುವೆ ಈ ಮಾತು ಒಪ್ಪತಕ್ಕದ್ದು. ಆದರೆ ಸಂಸ್ಥೆಯೊಳಗೆ ಎಲ್ಲರೂ ಸಮಾನರಲ್ಲ. ಯಾರ ಬಡ್ತಿ, ವರ್ಗಾವಣೆ, ರಜೆಗಳು ಯಾರ ಕೈಯಲ್ಲಿವೆಯೋ, ಅವರ ಪ್ರಶ್ನೆಯು ಪ್ರಶ್ನೆಯಾಗಿ ಕೇಳಿಸದು, ಆಜ್ಞೆಯಾಗಿಯೇ ಕೇಳಿಸುವುದು. ಹಿಂದೆ ಜವಾನನನ್ನು ರಾತ್ರಿ ಮನೆಗೆ ಕಳುಹಿಸಿ ಗುಮಾಸ್ತನನ್ನು ಎಬ್ಬಿಸಬೇಕಾಗಿದ್ದರೆ ಯಾವ ಅಧಿಕಾರಿಯಾದರೂ ಎರಡು ಬಾರಿ ಯೋಚಿಸುತ್ತಿದ್ದನು. ಕೃತ್ಯವು ಇಂದಿಗೂ ಅದೇ; ಬಾಗಿಲು ತಟ್ಟುವ ಸದ್ದು ಮಾತ್ರ ಕಳುಹಿಸುವವನಿಗೆ ಕೇಳಿಸದಂತಾಗಿದೆ. ತಾನು ಮಾಡಿದ್ದರ ಪರಿಣಾಮವು ತನ್ನ ಕಣ್ಣಿಗೆ ಬೀಳದಂತೆ ಮಾಡುವ ಸಾಧನವು ಕೈಗೆ ಬಂದಾಗ, ಆ ಪರಿಣಾಮವನ್ನು ಮನಸ್ಸಿನಿಂದಲೇ ಕಂಡುಕೊಳ್ಳುವ ಹೊಣೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಲೋಕದ ಸರಕಾರಗಳೂ ಇದನ್ನು ಮನಗಂಡಿವೆ. ಫ್ರಾನ್ಸ್ ದೇಶದಲ್ಲಿ 2017ರ ಜನವರಿ 1ರಿಂದ, ಐವತ್ತು ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ವೇಳೆಯ ಹೊರಗಿನ ಸಂದೇಶಗಳ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನು ಜಾರಿಗೆ ಬಂದಿತು. ನಮ್ಮ ಲೋಕಸಭೆಯಲ್ಲಿ 2018ರ ಕೊನೆಗೆ ಮಹಾರಾಷ್ಟ್ರದ ಸಂಸದೆ ಸುಪ್ರಿಯಾ ಸುಳೆ ಅವರು ಇದೇ ಆಶಯದ ಖಾಸಗಿ ಮಸೂದೆಯನ್ನು ಮಂಡಿಸಿದ್ದರು. ಕಾನೂನು ಬರುವುದು ಒಳ್ಳೆಯದೇ. ಆದರೆ ಅದು ಗಡಿಯಾರವನ್ನು ನೋಡಬಲ್ಲದು, ಮನಸ್ಸನ್ನು ನೋಡಲಾರದು. ಹಗಲು ಹನ್ನೊಂದಕ್ಕೆ ನೂರು ಜನರ ಕಣ್ಣೆದುರು ಒಬ್ಬನ ತಪ್ಪನ್ನು ಗುಂಪಿನಲ್ಲಿ ಎತ್ತಿ ಆಡುವುದನ್ನು ಯಾವ ಗಡಿಯಾರವೂ ತಡೆಯದು. ಅದನ್ನು ತಡೆಯಬೇಕಾದುದು ಬರೆಯುವವನ ವಿವೇಕ.

ಯಂತ್ರವು ನಮ್ಮ ಹೆಗಲಿನಿಂದ ಇಳಿಸಿದ ಭಾರವನ್ನು ನಾವೇ ಸ್ವಇಚ್ಛೆಯಿಂದ ಮತ್ತೆ ಎತ್ತಿಕೊಳ್ಳಬೇಕೆಂಬುದು ಈ ಎಲ್ಲ ವಿಚಾರದಿಂದ ಲಭಿಸುವ ಸಾರ. ಕಾರ್ಬನ್ ಕಾಗದವು ಬಲವಂತದಿಂದ ಮಾಡಿಸುತ್ತಿದ್ದುದನ್ನು ನಾವು ನಿಯಮದಿಂದ ಮಾಡಬೇಕು. ಬಲವಂತದಿಂದ ನಡೆದುದರಲ್ಲಿ ಪುಣ್ಯವೇನೂ ಇರಲಿಲ್ಲ. ಹಸಿದಿದ್ದರೂ ಅನ್ನ ದೊರೆಯದೆ ಇದ್ದವನನ್ನು ಉಪವಾಸವ್ರತಿ ಎನ್ನುವುದಿಲ್ಲ. ಅನ್ನ ಎದುರಿಗಿದ್ದೂ ಏಕಾದಶಿಯೆಂದು ಬಿಟ್ಟವನೇ ವ್ರತಿ. ಹಾಗೆಯೇ ನಾನೂರು ಜನರಿಗೆ ಕಳುಹಿಸಬಲ್ಲ ಸಾಮರ್ಥ್ಯ ಬೆರಳ ತುದಿಯಲ್ಲಿದ್ದೂ ನಾಲ್ವರಿಗೆ ಮಾತ್ರ ಕಳುಹಿಸುವುದು ನಿಜವಾದ ವಾಕ್ಸಂಯಮ. ಈ ದೃಷ್ಟಿಯಿಂದ ನೋಡಿದರೆ, ನಮ್ಮ ಹಿರಿಯರಿಗಿಲ್ಲದ ಸಾಧನೆಯ ಅವಕಾಶವೊಂದು ನಮಗೆ ದೊರೆತಿದೆ.

ಆಚರಣೆಯಲ್ಲಿ ಇದು ಕಠಿಣವೇನಲ್ಲ. ಕಳುಹಿಸುವ ಮುನ್ನ, ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಇದರಿಂದ ಮಾಡಬೇಕಾದ ಕೆಲಸವೇನಾದರೂ ಉಂಟೇ ಎಂದು ನೋಡುವುದು. ಸಿಟ್ಟಿನಲ್ಲಿ ಬರೆದುದನ್ನು ಮರುದಿನದ ರುಜುವಿಗೆಂಬಂತೆ ಒಂದು ರಾತ್ರಿ ಇಟ್ಟಿರುವುದು. ರಾತ್ರಿ ನೆನಪಾದುದನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟು ಬೆಳಿಗ್ಗೆ ಕೇಳುವುದು. ಹೊಗಳಿಕೆಯನ್ನು ಹತ್ತು ಜನರ ಮುಂದೆ ಹೇಳಿ, ತಪ್ಪನ್ನು ಒಬ್ಬನನ್ನೇ ಕರೆದು ತಿಳಿಸುವುದು. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಡಾಫ್ಟ್ ಮತ್ತು ರಾಬರ್ಟ್ ಲೆಂಗೆಲ್ ಎಂಬ ವಿದ್ವಾಂಸರು ಸಂಸ್ಥೆಗಳ ಬಗ್ಗೆ ವಿಚಾರಮಾಡಿ, ಸರಳವಾದ ಸಂಗತಿಗೆ ಬರಹ ಸಾಕೆಂದೂ, ಎರಡು ಅರ್ಥಕ್ಕೆ ಎಡೆಯಿರುವ ಸಂಗತಿಗೆ ಮುಖಾಮುಖಿ ಮಾತು ಬೇಕೆಂದೂ ಪ್ರತಿಪಾದಿಸಿದರು. ಮುಖ ನೋಡಿದಾಗ ಕಣ್ಣು, ಧ್ವನಿ, ಮೌನಗಳೂ ಮಾತಾಡುತ್ತವೆ. ಅಪಾರ್ಥವಾದರೆ ಆ ಕ್ಷಣದಲ್ಲಿಯೇ ತಿದ್ದಬಹುದು. ಸಾವಿನ ಸುದ್ದಿಯನ್ನೋ ಸಂಬಂಧ ಮುರಿದ ಸುದ್ದಿಯನ್ನೋ ಮನೆಗೇ ಹೋಗಿ ಹೇಳುತ್ತಿದ್ದ ನಮ್ಮವರಿಗೆ ಇದು ಅಪರಿಚಿತ ತತ್ತ್ವವಲ್ಲ.

ಕೊನೆಯದಾಗಿ, ಸಂಸ್ಥೆ ಎಂದರೆ ಸಂಬಳ ಕೊಡುವ ಕಚೇರಿ ಮಾತ್ರವೇ ಅಲ್ಲ. ಈ ನಗರದಲ್ಲಿ ನಾವು ಕಟ್ಟಿಕೊಂಡ ಕನ್ನಡ ಸಂಘಗಳು, ಭಜನಾ ಮಂಡಳಿಗಳು, ಉತ್ಸವ ಸಮಿತಿಗಳು ಕೂಡ ಸಂಸ್ಥೆಗಳೇ. ಹಿಂದೆ ಸಭೆಯ ಸೂಚನೆಯು ಅಂಚೆಕಾರ್ಡಿನಲ್ಲಿ ಎಲ್ಲ ಸದಸ್ಯರಿಗೂ ಹೋಗುತ್ತಿತ್ತು. ಸೇವೆಗೋ ಸಮಾರಂಭಕ್ಕೋ ಕರೆಯಲು ಕಾರ್ಯಕರ್ತರು ಮನೆಮನೆಗೆ ಬರುತ್ತಿದ್ದರು, ಒಂದು ಲೋಟ ಕಾಫಿ ಕುಡಿದು ಮನೆಯ ಹಿರಿಯರ ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ಈಗ ಗುಂಪಿನಲ್ಲಿ ಒಂದು ಚಿತ್ರ ಹಾಕಿದರೆ ಆಮಂತ್ರಣವಾಯಿತು. ಐವತ್ತು ಜನ ಕೈಮುಗಿದ ಚಿಹ್ನೆ ಹಾಕಿದರೆ ಠರಾವು ಸರ್ವಾನುಮತದಿಂದ ಅಂಗೀಕೃತವಾಯಿತು. ಸುಮ್ಮನಿದ್ದವರೂ ಒಪ್ಪಿದವರೆಂದೇ ಲೆಕ್ಕ. ಸ್ಮಾರ್ಟ್‌ಫೋನ್ ಬಳಸಲಾರದ ಎಂಬತ್ತರ ಹಿರಿಯರೊಬ್ಬರು, ನಲವತ್ತು ವರ್ಷ ಸಂಸ್ಥೆಗಾಗಿ ದುಡಿದವರು, ಉತ್ಸವ ಮುಗಿದ ಮೇಲೆ ಸುದ್ದಿ ಕೇಳಿ ಮೌನವಾಗುತ್ತಾರೆ. ಅವರನ್ನು ಯಾರೂ ಹೊರಗೆ ಹಾಕಲಿಲ್ಲ. ಆದರೆ ಅವರನ್ನು ಒಳಗೆ ಉಳಿಸಿಕೊಳ್ಳುವ ಶ್ರಮವನ್ನೂ ಯಾರೂ ವಹಿಸಲಿಲ್ಲ.

ಗುಂಪಿನಲ್ಲಿ ಸಂದೇಶ ಹಾಕಿದ ಬಳಿಕ ಅದನ್ನು ನೋಡಲಾರದ ನಾಲ್ಕು ಮನೆಗಳ ಪಟ್ಟಿ ಮಾಡಿ, ಒಂದು ದೂರವಾಣಿ ಕರೆ ಮಾಡುವುದಕ್ಕೆ ಅರ್ಧ ಗಂಟೆ ಬೇಕಾದೀತು. ಸಾಧ್ಯವಾದರೆ ಭಾನುವಾರ ಒಂದು ಮನೆಗೆ ಹೋಗಿ ಬರಬಹುದು. ಯಂತ್ರವು ನಮಗೆ ಉಳಿಸಿಕೊಟ್ಟ ಕಾಲದಲ್ಲಿ ಇಷ್ಟನ್ನು ಹಿಂದಿರುಗಿಸಿದರೂ ನಾವು ಋಣಮುಕ್ತರಾಗುವ ದಾರಿಯಲ್ಲಿದ್ದೇವೆಂದು ತಿಳಿಯಬಹುದು. ಸಂದೇಶ ತಲುಪಿತೆಂದು ಯಂತ್ರವು ಗುರುತು ತೋರಿಸಬಲ್ಲದು. ಮನುಷ್ಯನಿಗೆ ಮನುಷ್ಯ ತಲುಪಿದನೇ ಎಂಬುದನ್ನು ನಾವೇ ನೋಡಿಕೊಳ್ಳಬೇಕಾಗಿದೆ.